ನಾಲ್ಕು ಹೊತ್ತಿನ ಬಿಗಿ

ನರ್ಸ್ ನೀಲಗಂಗವ್ವ ಹೇಳಿದ್ದು ಒಂದು, ನನ್ನ ಆಯಿ, ಅಂದರೆ ಅಮ್ಮ, ತಿಳಿದುಕೊಂಡದ್ದು ಇನ್ನೊಂದು. ನಡುವೆ ಸಿಕ್ಕಿ ನಲುಗಿದ್ದು ನಾನು.

೧೯೯೮ರ ಫೆಬ್ರವರಿ. ಯಲ್ಲಾಪುರದ ಆಸ್ಪತ್ರೆಯಲ್ಲಿ ನನಗೆ ಚೊಚ್ಚಲ ಹೆರಿಗೆಯಾಗಿತ್ತು. ಮಗಳು ದಪ್ಪಗಿದ್ದಳು, ನನಗೆ ಏಳು ಹೊಲಿಗೆ ಬಿದ್ದಿದ್ದವು. ಮನೆಗೆ ಕಳಿಸುವ ದಿನ ಹಾವೇರಿ ಕಡೆಯ ಆ ನರ್ಸು ಆಯಿಯನ್ನು ಬಾಗಿಲ ಹತ್ತಿರ ಕರೆದಳು. "ಬಿಗಿ ಹಿಡಿಸ್ರಿ. ಹತ್ತು ಎಣಿಸಿ ಬಿಡಸ್ರಿ. ದಿನಾ ನಾಕ್ ಸಲ. ಇಲ್ಲಂದ್ರ ಮುಂದ ತ್ರಾಸ ಆಕ್ಕೈತಿ." ಏನನ್ನು ಬಿಗಿ ಹಿಡಿಯಬೇಕೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಪಕ್ಕದಲ್ಲೇ ಗಂಡಸರು ನಿಂತಿದ್ದರು. ಆಯಿ ಕೇಳಲೂ ಇಲ್ಲ. ಗೋಡೆ ನೋಡುತ್ತ ತಲೆಯಾಡಿಸಿದಳು.

ಬಾಳಂತಿಯ ಹೊಟ್ಟೆಗೆ ಹಳೇ ಸೀರೆ ಸುತ್ತುವ ಪದ್ಧತಿ ನಮ್ಮಲ್ಲಿ ಮೊದಲಿಂದ ಇದೆ. ಬೇರೆಯವರು ಬಿಸಿನೀರು ಮೀಸಿದ ಮೇಲೆ ಒಮ್ಮೆ ಸುತ್ತಿ ಸುಮ್ಮನಾಗುತ್ತಾರೆ. ಮಂಚಿಕೇರಿಯ ನಮ್ಮ ಮನೆಯಲ್ಲಿ ಅದು ದಿನಕ್ಕೆ ನಾಲ್ಕು ಸಲ ನಡೆಯಿತು. ನನ್ನನ್ನು ಮೀಸಲು ಬರುತ್ತಿದ್ದ ದ್ಯಾವಮ್ಮ ಒಂದು ತುದಿ ಹಿಡಿದು ಗೋಡೆಗೆ ಕಾಲು ಕೊಡುತ್ತಿದ್ದಳು, ಇನ್ನೊಂದು ತುದಿ ಆಯಿಯ ಕೈಯಲ್ಲಿ. "ಉಸಿರು ಹಿಡ್ಕ ಕೂಸೆ. ಹತ್ತು ಎಣಿಸ್ತೆ, ಅಲ್ಲಿವರೆಗೆ ಬಿಡಡ" ಎನ್ನುತ್ತಿದ್ದಳು ಆಯಿ. ಹತ್ತಾದ ಮೇಲೆ ಗಂಟು. ಮಧ್ಯಾಹ್ನ ಬಿಚ್ಚಿ ಮತ್ತೆ ಎಳೆತ.

ಎರಡನೇ ವಾರ ಒಮ್ಮೆ ಕೆಮ್ಮಿದೆ, ಉಟ್ಟ ಸೀರೆ ಒದ್ದೆಯಾಯಿತು. ಮಗು ಸೀನಿದ್ದು ನೋಡಿ ನಕ್ಕೆ, ಆಗಲೂ ಅಷ್ಟೇ. ಎದ್ದು ನಿಂತರೆ ಕೆಳಗೆ ಏನೋ ಜಾರಿ ಬಂದು ಕೂತಂತೆ ಭಾರ. ಬಾಳಂತಿಗೆ ಹೆಚ್ಚು ನೀರು ಕೊಡಬಾರದೆಂದು ಆಯಿ ಲೋಟ ಅಳೆದು ಕೊಡುತ್ತಿದ್ದಳು. ನಾನು ಅದನ್ನೂ ಪೂರ್ತಿ ಕುಡಿಯದೆ ಮೋರಿಗೆ ಚೆಲ್ಲುತ್ತಿದ್ದೆ. ಉಚ್ಚೆ ಹೊಯ್ಯುವಾಗ ಉರಿ ಶುರುವಾಯಿತು. ಮೂರು ತಿಂಗಳಿಗೆ ಹೆಗ್ಗರಣೆಗೆ, ಗಂಡನ ಮನೆಗೆ ಹೋಗಬೇಕಿತ್ತು. ಸದಾ ನೆಂಟರಿರುವ ಆ ಮನೆಯಲ್ಲಿ ಹೀಗೆ ಒದ್ದೆಯಾಗುತ್ತ ಹೇಗೆ ಓಡಾಡಲಿ ಎಂದು ನೆನೆದರೆ ಹೆದರಿಕೆಯಿಂದ ಹಾಲೂ ಇಳಿಯುತ್ತಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ, "ಆಯಿ, ಯಂಗೆ ಕೆಳಗೆ..." ಎಂದೆ.

"ಅದೆಲ್ಲ ಇಪ್ಪದೇಯ. ಹೇಳ್ಲಾಗ" ಎಂದಳು. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಬಾರದಂತೆ. ಗಂಟನ್ನು ಇನ್ನಷ್ಟು ಜಗ್ಗಿದಳು.

ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಮೊದಲಿಂದಲೂ ಅವಳು ಹಾಗೇ. ಯಾರ ಮದುವೆಯಲ್ಲೂ ಊಟದವರೆಗೆ ಕೂತವಳಲ್ಲ. ಬಸ್ಸಿನಲ್ಲಿ ದೂರ ಹೋಗುವುದೆಂದರೆ ಬೆಳಗಿನಿಂದ ಕಾಫಿ ಸಹಿತ ಮುಟ್ಟಳು. ಎಲ್ಲರೂ ಬಿದ್ದು ಬಿದ್ದು ನಗುವಾಗ ಸೆರಗು ಕಚ್ಚಿ ಒಳಗೆ ಹೋಗುವಳು. ಸಿಡುಕಿ ಎಂದು ನಾವು ಮಕ್ಕಳು ಆಡಿಕೊಳ್ಳುತ್ತಿದ್ದೆವು, ಅವಳಿಗೂ ಅದು ಗೊತ್ತಿತ್ತು.

ಒಂದೂವರೆ ತಿಂಗಳಿಗೆ ಮಗುವಿಗೆ ಇಂಜೆಕ್ಷನ್ ಹಾಕಿಸಲು ಯಲ್ಲಾಪುರಕ್ಕೆ ಹೋದೆವು. ಬಿಗಿ ಹಿಡಿಯುತ್ತಿದ್ದೇನೆಯೇ ಎಂದು ನೀಲಗಂಗವ್ವ ಕೇಳಿದಳು. ಒಂದು ಹೊತ್ತೂ ತಪ್ಪಿಸಿಲ್ಲ, ಇಬ್ಬರು ಸೇರಿ ಹಿಡಿಯುತ್ತೇವೆ ಎಂದು ಆಯಿ ಹೆಮ್ಮೆಯಿಂದ ಹೇಳಿದಳು.

"ಇಬ್ಬರು?" ನರ್ಸು ನನ್ನ ಮುಖ ನೋಡಿದಳು. ಪರದೆ ಎಳೆದು, ನನ್ನನ್ನು ಮಲಗಿಸಿ ಹೊಟ್ಟೆಗೆ ಸುತ್ತಿದ್ದ ಸೀರೆ ಬಿಚ್ಚಿದಳು. ಸೊಂಟದ ಸುತ್ತ ಚರ್ಮ ಕೆಂಪಗೆ ಗೆರೆ ಬಿದ್ದಿತ್ತು. ನಾನು ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಆಯಿಯನ್ನು ಬಯ್ಯಲಿಲ್ಲ, ತನ್ನನ್ನೇ ಬಯ್ದುಕೊಂಡಳು. ಬಿಗಿ ಹಿಡಿಯಬೇಕಾದದ್ದು ಹೊಟ್ಟೆಯನ್ನಲ್ಲ, ಉಚ್ಚೆ ತಡೆಯುವಾಗ ಹಿಡಿಯುತ್ತೇವಲ್ಲ, ಆ ಜಾಗವನ್ನು. ಮಲಗಿಯೋ ಕೂತೋ ಮಾಡಬಹುದು, ಉಸಿರು ಕಟ್ಟಬಾರದು ಎಂದು ಈ ಸಲ ಬಿಡಿಸಿ ಬಿಡಿಸಿ ಹೇಳಿದಳು. ಮೇಲಿಂದ ಅಷ್ಟು ಅಮುಕಿದರೆ ಭಾರವೆಲ್ಲ ಕೆಳಗೇ ಬೀಳುತ್ತದೆ, ಹೊಟ್ಟೆ ತುಂಬ ನೀರು ಕುಡಿ, ಉರಿಯನ್ನು ಡಾಕ್ಟರಿಗೆ ತೋರಿಸದೆ ಹೋಗಬೇಡ ಎಂದಳು. ನಿಧಾನಕ್ಕೆ ಸುಧಾರಿಸಬಹುದು ಎಂದಳೇ ಹೊರತು ವಾಸಿಯಾಗಿಯೇ ಬಿಡುತ್ತದೆ ಎನ್ನಲಿಲ್ಲ.

ಆಯಿ ಬಿಚ್ಚಿದ ಸೀರೆಯನ್ನು ಮಡಚುತ್ತ ನಿಂತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ ಗೋಡೆ ನೋಡುತ್ತ ನರ್ಸನ್ನು ಕೇಳಿದಳು:

"ಇಪ್ಪತ್ನಾಲ್ಕು ವರ್ಷ ಆದ್ಮೇಲೆ ಮಾಡಿದ್ರೂ ಆಗ್ತದಾ?"

ನನಗೆ ಆಗ ಇಪ್ಪತ್ನಾಲ್ಕು ವರ್ಷ. ನಾನೇ ಅವಳ ಚೊಚ್ಚಲ ಮಗಳು.

ಡಾಕ್ಟರಿಗೆ ತೋರಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಊರಿನ ಬಸ್ಸು ಹತ್ತಿದೆವು. ಅವಳ ಮೇಲಿನ ಸಿಟ್ಟು ಹೋಗಿರಲಿಲ್ಲ. ಆದರೆ ಅದನ್ನು ಎಲ್ಲಿಡಬೇಕೆಂದು ಈಗ ತಿಳಿಯುತ್ತಿರಲಿಲ್ಲ. ಊರು ಹತ್ತಿರ ಬರುವಾಗ ತಿರುಗಿ ನೋಡಿದೆ. ಆಯಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಏಳು, ಎಂಟು, ಒಂಬತ್ತು. ಹತ್ತಕ್ಕೆ ಬಿಟ್ಟು, ಮತ್ತೆ ಒಂದರಿಂದ ಶುರುಮಾಡಿದಳು.