ಬಗ್ಗಿ ನೇಯುವವಳ ಕನ್ನಡಕ

ದೋಮಿತಿಲಾ ನೇಯ್ದ ಟೋಪಿಯಲ್ಲಿ ನೀರು ತುಂಬಿ ಎತ್ತಿ ಹಿಡಿದರೂ ಒಂದು ಹನಿ ಸೋರದು ಎಂದು ಪೀಲೆ ಊರಿನವರು ಹೇಳಿಕೊಳ್ಳುತ್ತಿದ್ದರು. ಹಾಗೆ ತುಂಬಿ ನೋಡುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ. ಒಂದು ಟೋಪಿಗೆ ನಾಲ್ಕು ತಿಂಗಳು ಹಿಡಿಯುತ್ತಿತ್ತು. ತೋಕಿಯಾ ಎಂಬ ತಾಳೆಯಂಥ ಗಿಡದ ಗರಿಯನ್ನು ಹೆಬ್ಬೆರಳ ಉಗುರಿನಿಂದ ನೂಲಿನಷ್ಟು ಸಣ್ಣಗೆ ಸೀಳಿ, ಮರದ ಅಚ್ಚಿನ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಎದೆಯೂರಿ, ಮುಖವನ್ನು ನೆಲಕ್ಕೆ ಮಾಡಿ ನೇಯಬೇಕು. ಬಿಸಿಲೇರಿದರೆ ಗರಿ ಒಣಗಿ ಮುರಿಯುತ್ತದೆ, ಬೆರಳು ಬೆವರುತ್ತದೆ. ಅದಕ್ಕೇ ಕೋಳಿ ಕೂಗುವಾಗಲೇ ಅವಳು ಅಚ್ಚಿನ ಮುಂದೆ ಇರುತ್ತಿದ್ದಳು.

ಹನ್ನೊಂದನೆಯ ವಯಸ್ಸಿನಿಂದ ಹೀಗೆ ಬಗ್ಗಿ ಬಂದವಳಿಗೆ ಐವತ್ತಾರು ತುಂಬಿದ ವರ್ಷ ಗರಿಗಳು ಒಂದರೊಳಗೊಂದು ಕಲಸಿಹೋಗತೊಡಗಿದವು. ಮೊದಲು ಬೆಳಕನ್ನು ಬೈದು ಅಚ್ಚನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಳು. ಆಮೇಲೆ ಗರಿ ತಂದುಕೊಡುವ ಲಿಂಬರ್‌ನನ್ನು ಬೈದಳು. ಒಂದು ಬೆಳಿಗ್ಗೆ ಎರಡು ಗರಿಯ ಬದಲು ಮೂರನ್ನು ಎತ್ತಿ ನೇಯ್ದದ್ದು, ಮೂರು ಸುತ್ತು ಮುಗಿದ ಮೇಲೆ ಕಣ್ಣಿಗಲ್ಲ, ಬೆರಳಿಗೆ ಗೊತ್ತಾಯಿತು. ಮೂರೂ ಸುತ್ತು ಬಿಚ್ಚಿ, ಮಂತಾ ಪಟ್ಟಣದಲ್ಲಿದ್ದ ಮಗಳು ಯಾದಿರಾಗೆ ಫೋನು ಮಾಡಿದಳು.

ಯಾದಿರಾ ಅಮ್ಮನನ್ನು ಕನ್ನಡಕದಂಗಡಿಗೆ ಕರೆದೊಯ್ದಳು. ಕಣ್ಣು ನೋಡಿದವಳು ಇನ್ನೂ ಮೂವತ್ತು ದಾಟಿರದ ಡಾಕ್ಟರು. ಅವಳು ಗೋಡೆಯ ಮೇಲಿನ ಅಕ್ಷರ ಓದಿಸಿದಳು, ಕೈಗೆ ಕಾಗದ ಕೊಟ್ಟು ಸಣ್ಣಕ್ಷರ ಓದಿಸಿದಳು. ದೂರಕ್ಕೂ ಹತ್ತಿರಕ್ಕೂ ಒಂದೇ ಆಗಲಿ ಎಂದು ಎರಡು ಭಾಗದ ಗಾಜು ಬರೆದಳು. ಚೌಕಟ್ಟನ್ನು ಆರಿಸಿದವಳು ಯಾದಿರಾ. ಬಿದ್ದರೂ ಒಡೆಯಬಾರದು ಎಂದು ದಪ್ಪ ಕಂದು ಬಣ್ಣದ್ದನ್ನೇ ತೆಗೆದಳು.

ಕನ್ನಡಕ ಹಾಕಿಕೊಂಡು ಬಸ್ಸಿಳಿದ ದಿನವೇ ನಾದಿನಿ ಸೆನೈದ ಅಂಗಳದಲ್ಲಿ ಕಾಯುತ್ತಿದ್ದಳು. ಇಬ್ಬರದೂ ಪಕ್ಕ ಪಕ್ಕದ ಮನೆ, ನೇಯುವುದು ಒಂದೇ ಜಗಲಿಯಲ್ಲಿ.

"ಏನತ್ತಿಗೆ, ಲಾರಿ ಮುಂದಿನ ಗಾಜು ಕಿತ್ಕೊಂಡು ಬಂದಿದೀಯ?" ಎಂದಳು.

"ನಿನ್ನ ಮುಖದ ಸುಕ್ಕು ಎಣಿಸೋಕೆ ಇಷ್ಟು ದೊಡ್ಡದೇ ಬೇಕು ಕಣೆ," ಎಂದು ದೋಮಿತಿಲಾ ಮೆಟ್ಟಿಲು ಹತ್ತಲು ಹೋದಳು. ಕಂಬಗಳ ಮೇಲೆ ನಿಂತ ಬಿದಿರಿನ ಮನೆ ಅದು, ಏಳು ಮೆಟ್ಟಿಲು. ಮೂರನೆಯದು ಗಾಜಿನಲ್ಲಿ ಕಂಡಲ್ಲಿ ಇರಲಿಲ್ಲ. ಕಾಲು ಗಾಳಿಯಲ್ಲಿ ಇಳಿದು ಮೊಣಕಾಲು ತರಚಿತು. ಸೆನೈದ ನಗಲಿಲ್ಲ, ಓಡಿಬಂದು ಹಿಡಿದುಕೊಂಡಳು. ನಕ್ಕದ್ದು ಆಮೇಲೆ.

ಎರಡು ವಾರ ಬಿಡದೆ ಹಾಕಿಕೊಳ್ಳಿ, ಅಭ್ಯಾಸ ಆಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದ್ದರು. ದೋಮಿತಿಲಾ ಹೇಳಿದ್ದನ್ನು ಮಾಡುವ ಹೆಂಗಸು. ಮೂಗಿನ ಎರಡೂ ಬದಿಗೆ ಕೆಂಪು ಗುಳಿ ಬಿದ್ದವು, ಕಿವಿಯ ಹಿಂದೆ ಚರ್ಮ ಸುಲಿಯಿತು, ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ನಡುವೆ ಯಾರೋ ಮೊಳೆ ಹೊಡೆಯುತ್ತಿದ್ದಂತೆ ನೋಯುತ್ತಿತ್ತು. ಇದೆಲ್ಲವನ್ನೂ ಸಹಿಸಿಕೊಂಡಾಳು. ಆದರೆ ಅಚ್ಚಿನ ಮೇಲೆ ಬಗ್ಗಿದ ತಕ್ಷಣ ಕನ್ನಡಕ ಜಾರಿ ಟೋಪಿಯ ಮೇಲೆ ಬೀಳುತ್ತಿತ್ತು. ತಲೆಯ ಹಿಂದೆ ದಾರ ಕಟ್ಟಿದಳು. ಬೀಳುವುದು ನಿಂತಿತು, ಆದರೂ ಮೂಗಿನ ತುದಿಯಲ್ಲಿ ತೂಗಾಡುತ್ತಲೇ ಇತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅಷ್ಟೆಲ್ಲಾ ಮಾಡಿ ನೋಡಿದರೂ ಗರಿಗಳು ಮೊದಲಿಗಿಂತ ಹೆಚ್ಚು ಮಸುಕು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಕನ್ನಡಕ ಹಾಕಿಯೂ ಕಾಣದಿದ್ದರೆ ತಪ್ಪು ಕನ್ನಡಕದ್ದಲ್ಲ, ಕಣ್ಣಿನದು ಎಂದು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಳು. ಅವಳ ಅತ್ತೆಗೂ ಹೀಗೇ ಆಗಿತ್ತು. ಕೊನೆಯ ಎಂಟು ವರ್ಷ ಆಕೆ ಜಗಲಿಯ ಮೂಲೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು, ಹೆಬ್ಬೆರಳ ಉಗುರು ಮಾತ್ರ ಸಾಯುವವರೆಗೂ ಉದ್ದವಾಗಿಯೇ ಇಟ್ಟುಕೊಂಡಿದ್ದಳು.

ಹದಿನೈದನೆಯ ದಿನ ದೋಮಿತಿಲಾ ಮುಗಿಯದ ಟೋಪಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಸೆನೈದಳ ಮುಂದಿಟ್ಟಳು. ನೆತ್ತಿ ಮುಗಿದು, ಪಕ್ಕ ಇಳಿದು, ಅಂಚು ಮಾತ್ರ ಬಾಕಿ ಇತ್ತು.

"ಇದನ್ನ ನೀನು ಮುಗಿಸು."

ಸೆನೈದ ಬಾಯಲ್ಲಿದ್ದ ಬಾಳೆಕಾಯಿ ಉಂಡೆಯನ್ನು ನುಂಗಿ ಅವಳ ಮುಖ ನೋಡಿದಳು. "ಯಾಕೆ, ಕೈಗೇನಾಯ್ತು?"

"ಕೈಗೇನಿಲ್ಲ. ಕಣ್ಣೇ ಹೋಯ್ತು ಅಂತ ಕಾಣ್ಸುತ್ತೆ."

"ಹೋದ ಕಣ್ಣು ಇದನ್ನ ಹೇಗೆ ಸುತ್ತಿ ತಂತು?"

"ತಮಾಷೆ ಮಾಡ್ಬೇಡ ಸೆನೈದ. ಈ ಹಾಳಾದ್ದು ಹಾಕ್ಕೊಂಡ್ರೂ ಏನೂ ಕಾಣಲ್ಲ. ಎರಡು ವಾರ ಆಯ್ತು. ಅತ್ತೆ ಥರಾನೇ ಆಗ್ತಿದೆ ನಂಗೆ."

ಸೆನೈದ ಟೋಪಿಯ ಗಂಟನ್ನು ಮೆಲ್ಲಗೆ ಅತ್ತಿಗೆಯ ಮಡಿಲಿಗೆ ನೂಕಿದಳು. "ನಾನು ಮುಟ್ಟಲ್ಲ. ನಿನ್ನ ಕೈ ಬೇರೆ, ನನ್ನ ಕೈ ಬೇರೆ. ನಾನು ಹಾಕಿದ ಅಂಚು ನೋಡಿದ್ರೆ ಯಾರೋ ಸತ್ತೋರ ಬಟ್ಟೆ ಹಾಕ್ಕೊಂಡ ಹಾಗಿರುತ್ತೆ. ನಾಳೆ ಮಂತಾಗೆ ಹೋಗೋಣ. ಅಚ್ಚೂ ತಗೋ."

"ಅಚ್ಚು ಯಾಕೆ?"

"ಆ ಡಾಕ್ಟ್ರಮ್ಮ ನಿನ್ನನ್ನ ಕೂರಿಸಿ ನೋಡಿದ್ದು ಹೇಗೆ?"

"ಕುರ್ಚಿ ಮೇಲೆ. ನೆಟ್ಟಗೆ."

"ನೆಟ್ಟಗೆ ಕೂತು ಯಾವತ್ತಾದ್ರೂ ನೇಯ್ದಿದೀಯಾ ನೀನು?"

ಮರುದಿನ ಅಚ್ಚು, ಅದರ ಮೂರು ಕಾಲಿನ ಪೀಠ, ದಿಂಬು, ಬಿಳಿ ಬಟ್ಟೆಯ ಗಂಟು ಎಲ್ಲ ಬಸ್ಸು ಹತ್ತಿದವು. ಪೀಠಕ್ಕೆ ಜಾಗ ಸಾಲದೆ ಸೆನೈದ ಅದನ್ನು ತನ್ನ ಸೀಟಿನಲ್ಲಿಟ್ಟು ತಾನು ನಿಂತಳು. ಕಂಡಕ್ಟರು, "ಇವರಿಗೂ ಟಿಕೆಟ್ಟಾ ಅಕ್ಕಾ?" ಎಂದು ಪೀಠವನ್ನು ತೋರಿಸಿದ. "ಇವರು ನಿಮ್ಮಪ್ಪನಿಗಿಂತ ಹಿರಿಯರು, ಮರ್ಯಾದೆ ಕೊಟ್ಟು ಮಾತಾಡು," ಎಂದಳು ಸೆನೈದ. ಕಿಟಕಿಯ ಪಕ್ಕ ಕೂತ ದೋಮಿತಿಲಾಗೆ ನಗು ಬರಲಿಲ್ಲ. ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಸಲವೂ ಅಭ್ಯಾಸ ಆಗುತ್ತದೆ ಎಂದರೆ ಏನು ಹೇಳುವುದು ಎಂದು ಯೋಚಿಸುತ್ತಿದ್ದಳು.

ಅಂಗಡಿಯಲ್ಲಿ ಡಾಕ್ಟರು ಅದನ್ನೇ ಹೇಳಿದಳು. "ಕೆಲವರಿಗೆ ಒಂದು ತಿಂಗಳು ಹಿಡಿಯುತ್ತೆ ಅಮ್ಮ. ಹೊಸದಲ್ವಾ, ಸ್ವಲ್ಪ ಭಾರ ಅನ್ಸುತ್ತೆ."

ದೋಮಿತಿಲಾ ತಲೆಯಾಡಿಸಿ ಏಳಲು ಹೊರಟಳು. ಸೆನೈದ ಅವಳ ಭುಜವನ್ನು ಒತ್ತಿ ಕೂರಿಸಿ, ಕನ್ನಡಿಗಳ ನಡುವೆ ಪೀಠ ನಿಲ್ಲಿಸಿ, ಅಚ್ಚು ಹೂಡಿ, ಟೋಪಿ ಹೊದಿಸಿ, ದಿಂಬಿಟ್ಟಳು. ಕನ್ನಡಕ ನೋಡುತ್ತಿದ್ದ ಗಿರಾಕಿಗಳು ತಿರುಗಿ ನಿಂತರು.

"ಈಗ ನೇಯಿ," ಎಂದಳು.

ನಾಚಿಕೆಯಿಂದ ಕಿವಿ ಬಿಸಿಯಾದರೂ ದೋಮಿತಿಲಾ ಬಗ್ಗಿದಳು. ದಿಂಬಿಗೆ ಎದೆ ತಾಗಿದ್ದೇ ತಡ, ಪಟ್ಟಣಕ್ಕೆಂದು ದಾರ ಬಿಚ್ಚಿದ್ದ ಕನ್ನಡಕ ಸರ್ರನೆ ಜಾರಿ ಟೋಪಿಯ ನೆತ್ತಿಯ ಮೇಲೆ ಬಿತ್ತು.

ಡಾಕ್ಟರು ಮೇಜಿನ ಹಿಂದಿನಿಂದ ಬಂದು ನೆಲದ ಮೇಲೆ ಮೊಣಕಾಲೂರಿದಳು. ಅದೂ ಸಾಲದೆ ಬಿಳಿ ಕೋಟಿನ ಸಮೇತ ಒಂದು ಮಗ್ಗುಲಿಗೆ ಮಲಗಿ, ಕೆಳಗಿನಿಂದ ದೋಮಿತಿಲಾಳ ಕಣ್ಣನ್ನೇ ನೋಡಿದಳು. ಕನ್ನಡಕವನ್ನು ತಾನೇ ಏರಿಸಿ ಕೈಯಲ್ಲಿ ಹಿಡಿದಳು. ಟೇಪು ತರಿಸಿ ಕಣ್ಣಿನಿಂದ ಗರಿಯವರೆಗೆ ಅಳೆದಳು.

"ಒಂದು ಗೇಣು," ಎಂದಳು. "ಯಾವಾಗಲೂ ಇಷ್ಟು ಹತ್ತಿರವೇ?"

"ಇಷ್ಟೇ. ನಲವತ್ತೈದು ವರ್ಷದಿಂದ."

ಡಾಕ್ಟರು ಎದ್ದು ಕೋಟು ಕೊಡವಿಕೊಂಡಳು. ಮುಖ ಕೆಂಪಾಗಿತ್ತು. "ತಪ್ಪು ನಂದು ಅಮ್ಮ. ಟೋಪಿ ನೇಯ್ತೀನಿ ಅಂತ ನೀವು ಹೇಳಿದ್ರಿ, ಹೇಗೆ ಅಂತ ನಾನು ಕೇಳಲಿಲ್ಲ. ಈ ಗಾಜಲ್ಲಿ ಹತ್ತಿರದ್ದು ಕಾಣೋ ಭಾಗ ಕೆಳಗಿದೆ. ಕೂತು ಪತ್ರಿಕೆ ಓದೋರಿಗೆ ಅದು ಸರಿ. ನೀವು ಮುಖಾನೇ ಬಗ್ಗಿಸಿ ನೋಡ್ತೀರಿ, ದೂರದ ಗಾಜಿಂದ ಗರಿ ನೋಡಿದ ಹಾಗಾಯ್ತು. ಮೆಟ್ಟಿಲು ಇಳಿಯುವಾಗ ಮಾತ್ರ ಹತ್ತಿರದ ಗಾಜು ಅಡ್ಡ ಬಂದಿರುತ್ತೆ."

"ಹತ್ತುವಾಗಲೂ ಬಂತು," ಎಂದು ಸೆನೈದ ಅತ್ತಿಗೆಯ ಮೊಣಕಾಲು ತೋರಿಸಿದಳು.

ದೋಮಿತಿಲಾ ಬಗ್ಗಿದ್ದವಳು ಬಗ್ಗಿಯೇ ಇದ್ದಳು. "ಅಂದ್ರೆ, ನನ್ನ ಕಣ್ಣು?"

"ಕಣ್ಣಿಗೇನೂ ಆಗಿಲ್ಲ. ವಯಸ್ಸಿಗೆ ತಕ್ಕ ಹಾಗಿದೆ. ನಂಗೂ ಹೀಗೇ ಇರ್ಲಿ ಅಂತ ಕೇಳ್ಕೋತೀನಿ."

ದಿಂಬಿನ ಮೇಲಿದ್ದ ಎದೆಯಿಂದ ಒಂದು ಉಸಿರು ಹೊರಟಿತು. ಎಷ್ಟು ದಿನದಿಂದ ಅದನ್ನು ಹಿಡಿದಿಟ್ಟಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಅಳು ಬಂತು. ಬಗ್ಗಿದ್ದರಿಂದ ಕಣ್ಣೀರು ಟೋಪಿಯ ಮೇಲೆ ಬೀಳಬಹುದೆಂದು ಹೆದರಿ ಬೇಗ ನೆಟ್ಟಗಾದಳು.

ಎಂಟು ದಿನದ ಮೇಲೆ ಯಾದಿರಾ ಹೊಸ ಕನ್ನಡಕ ತಂದಳು. ಹಳೆಯದನ್ನು ಅಂಗಡಿಯವರೇ ವಾಪಸು ಇಟ್ಟುಕೊಂಡಿದ್ದರು. ಇದು ಕೆಲಸಕ್ಕೆ ಮಾತ್ರ, ಒಂದೇ ಗಾಜು. ತೆಳ್ಳನೆಯ ತಂತಿಯ ಚೌಕಟ್ಟು, ಕೈಯಲ್ಲಿಟ್ಟರೆ ಒಣಗಿದ ಎಲೆಯಷ್ಟು ಹಗುರ. ಕಡ್ಡಿಗಳ ತುದಿ ಕೊಕ್ಕೆಯಂತೆ ಬಾಗಿ ಕಿವಿಯ ಸುತ್ತ ಹಿಡಿದುಕೊಳ್ಳುತ್ತಿತ್ತು. ಬೆಳಗಿನ ಕಾಫಿ ಮುಗಿಸಿ ದೋಮಿತಿಲಾ ಅದನ್ನು ಏರಿಸಿ ಅಚ್ಚಿನ ಮೇಲೆ ಬಗ್ಗಿದಳು. ಜಾರಲಿಲ್ಲ. ತಲೆ ಕೊಡವಿ ನೋಡಿದಳು, ಆಗಲೂ ಜಾರಲಿಲ್ಲ. ಗರಿಗಳು ಒಂದೊಂದೇ, ತಮ್ಮ ತಮ್ಮ ಜಾಗದಲ್ಲಿ, ಒಂದರ ಕೆಳಗೆ ಇನ್ನೊಂದು ನುಸುಳಿ ಹೋಗುವುದು ಸ್ಪಷ್ಟವಾಗಿ ಕಂಡಿತು. ಹನ್ನೊಂದರ ಹುಡುಗಿಯಾಗಿದ್ದಾಗಲೂ ಹೀಗೆ ಕಂಡಿತ್ತೋ ಇಲ್ಲವೋ, ನೆನಪಾಗಲಿಲ್ಲ. ಅವಳು ಎರಡು ಗರಿ ಎತ್ತಿ, ಎರಡೇ ಎಂದು ನೋಡಿ, ಅಂಚಿನ ಮೊದಲ ಸುತ್ತು ಶುರುಮಾಡಿದಳು. ಬಿಸಿಲು ಜಗಲಿಗೆ ಬರುವ ಹೊತ್ತಿಗೆ ನಾಲ್ಕು ಸುತ್ತಾಗಿತ್ತು. ಮೂಗು ಮುಟ್ಟಿ ನೋಡಿಕೊಂಡಳು. ಕನ್ನಡಕ ಇರುವುದೇ ಮರೆತುಹೋಗಿತ್ತು.

"ಕೊಡಿಲ್ಲಿ, ಏನಷ್ಟು ಕಾಣುತ್ತೋ ನೋಡೋಣ," ಎಂದು ಸೆನೈದ ಕೈ ಚಾಚಿದಳು. ಹಾಕಿಕೊಂಡು, ಅತ್ತಿಗೆಯನ್ನು ಅಣಕಿಸುತ್ತಾ ತನ್ನ ಅಚ್ಚಿನ ಮೇಲೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಗರಿ ತಪ್ಪಿದ ಒಂದು ಜಾಗವನ್ನು ಬೆರಳಿನಿಂದ ಮುಟ್ಟಿದಳು, ಅಂಥದೇ ಇನ್ನೊಂದು ಜಾಗ ಮುಟ್ಟಿದಳು.

"ಅತ್ತಿಗೆ," ಎಂದಳು ಕೊನೆಗೆ, ತಲೆಯೆತ್ತದೆ. "ಇದನ್ನೆಲ್ಲಾ ನಾನೇ ನೇಯ್ದಿದ್ದಾ?"

ದೋಮಿತಿಲಾ ಹೋಗಿ ಪಕ್ಕದಲ್ಲಿ ನಿಂತು ನೋಡಿದಳು. ಅವಳಿಗೇನು, ಕನ್ನಡಕವಿಲ್ಲದ ಕಣ್ಣಿಗೆ ಒಂದು ತಪ್ಪೂ ಕಾಣಲಿಲ್ಲ, ನೇಯ್ಗೆ ಚೆನ್ನಾಗಿಯೇ ಇತ್ತು.

"ಮಂಗಳವಾರ ಮಂತಾಗೆ ಹೋಗೋಣ," ಎಂದಳು. "ಪೀಠ ಈ ಸಲ ನಾನು ಹಿಡ್ಕೋತೀನಿ, ನೀನು ಕೂತ್ಕೋ."