ಹತ್ತು ಎಣಿಸುವಷ್ಟರಲ್ಲಿ

ಡ್ರೈವರ್ ತನ್ನ ಕಿತ್ತಳೆ ಬಣ್ಣದ ಕೋಟು ಬಿಚ್ಚಿ, ಶವಪೆಟ್ಟಿಗೆಯೊಳಗೆ ಮಲಗಿದ್ದವಳ ಎದೆಯ ಮೇಲೆ ಹೊದಿಸುತ್ತಿದ್ದಾಗ ಮೇಲಧಿಕಾರಿ ಬಂದು ಅದರ ಕಾಲರ್ ಹಿಡಿದುಕೊಂಡರು.

"ಇದು ಇಲಾಖೆ ಕೋಟು. ತೆಗೀರಿ."

"ಗೊತ್ತು ಸಾರ್. ಹದಿನೆಂಟು ವರ್ಷದಿಂದ ನಾನೇ ಒಗೀತಿದೀನಿ."

"ಎಚ್ಚರಿಕೆ ಪತ್ರ ತಗೊಂಡು ಆಂಬುಲೆನ್ಸ್‌ನಿಂದ ಇಳಿದವರಿಗೆ ಇದನ್ನ ಹಾಕೋ ಹಾಗಿಲ್ಲ. ನಿಯಮ ಅಂದ್ರೆ ನಿಯಮ. ನಿಮಗಿನ್ನೂ ಮೂರು ವರ್ಷ ಸರ್ವಿಸ್ ಇದೆ. ಯೋಚನೆ ಮಾಡಿ."

ಡ್ರೈವರನ ಕಿವಿ ಕೆಂಪಾಯಿತು. ಆದರೂ ಕೋಟು ಬಿಡಲಿಲ್ಲ. ಇಡೀ ಆಯುಸ್ಸನ್ನು ಆಂಬುಲೆನ್ಸಿನಲ್ಲಿ ಸವೆಸಿದ ನರ್ಸ್ ಅವಳು. ಕೊನೆಯ ಎರಡು ವರ್ಷ ಮಾತ್ರ ಶಿಕ್ಷೆಯೆಂದು ಉಗ್ರಾಣದಲ್ಲಿ ಬ್ಯಾಂಡೇಜು ಎಣಿಸಲು ಕೂರಿಸಿದ್ದರು. ಆಮೇಲೆ ನಿವೃತ್ತಿ, ಆಮೇಲೆ ಕಾಯಿಲೆ, ಮೂರೇ ತಿಂಗಳಲ್ಲಿ ಮುಗಿದೇ ಹೋಯಿತು. ಅವಳನ್ನು ಬರೀ ಬೂದು ಬಟ್ಟೆಯಲ್ಲಿ ಕಳಿಸುವುದು ಅವನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ.

ಎಲ್ಲರೂ ಅವಳನ್ನು ಎಣಿಕೆಯಕ್ಕ ಎನ್ನುತ್ತಿದ್ದರು. ಜಗಳ ತಣ್ಣಗಾಗಲೆಂದು ಮಗಳು ನಡುವೆ ಬಂದು, "ಅಮ್ಮ ಇದ್ದಿದ್ರೆ ನಿಮ್ಮಿಬ್ಬರಿಗೂ ಹತ್ತು ಎಣಿಸ್ತಿದ್ಲು," ಎಂದಳು. "ಹಾಲು ಉಕ್ಕಿದ್ರೂ ಹತ್ತು, ನಾವು ಕಿತ್ತಾಡಿದ್ರೂ ಹತ್ತು. ಅಪ್ಪ ಮದುವೆ ಆಗ್ತೀಯಾ ಅಂದಾಗಲೂ ಹತ್ತು ಎಣಿಸಿಯೇ ಹೂಂ ಅಂದ್ಲಂತೆ."

"ಏಳಕ್ಕೇ ಅಂದಿದ್ಲು," ಎಂದ ಅವಳ ಗಂಡ, ಮೂಲೆಯ ಕುರ್ಚಿಯಿಂದ. ಅಳುತ್ತಿದ್ದವರೂ ನಕ್ಕರು. ಅಧಿಕಾರಿ ನಗಲಿಲ್ಲ.

*

ಎಚ್ಚರಿಕೆ ಪತ್ರಕ್ಕೆ ಕಾರಣವಾದ ಆ ದಿನ, ಅದು ಬ್ರೆಡ್ ಕಾರ್ಖಾನೆಯ ನೆಲ. ಕೆಲಸಗಾರನೊಬ್ಬ ಕುಸಿದು ಬಿದ್ದಿದ್ದ, ಹೃದಯ ನಿಂತಿತ್ತು. ಡ್ರೈವರ್ ಮಂಡಿಯೂರಿ ಎದೆ ಒತ್ತುತ್ತಿದ್ದ, ಮೈಯೆಲ್ಲ ಹಿಟ್ಟು. ಎರಡು ನಿಮಿಷಕ್ಕೊಮ್ಮೆ ಒತ್ತುವುದನ್ನು ನಿಲ್ಲಿಸಿ ಹೃದಯ ಮಿಡಿಯುತ್ತಿದೆಯೇ ಎಂದು ನೋಡಬೇಕು. ಆದರೆ ನಿಲ್ಲಿಸಿದಷ್ಟು ಹೊತ್ತೂ ಮಿದುಳಿಗೆ ರಕ್ತವಿಲ್ಲ. ಹತ್ತು ಸೆಕೆಂಡ್, ಅಷ್ಟೇ ಗಡುವು.

ಹೃದಯದ ಚಿತ್ರ ತೋರಿಸುವ ಸ್ಕ್ಯಾನಿಂಗ್ ಯಂತ್ರ ಆಂಬುಲೆನ್ಸಿಗೆ ಬಂದು ಆಗಿನ್ನೂ ಆರು ತಿಂಗಳು. ಎಣಿಕೆಯಕ್ಕ ಇಲ್ಲಿ ಅದರ ಹಿಡಿಯನ್ನು ಎದೆಗೂಡಿನ ಕೆಳಗೆ ಒತ್ತಿಹಿಡಿದರೆ ದೂರದ ದೊಡ್ಡಾಸ್ಪತ್ರೆಯಲ್ಲಿ ಕೂತ ಡಾಕ್ಟರ್ ತೆರೆಯ ಮೇಲೆ ಹೃದಯ ನೋಡಿ, ಸ್ಪೀಕರಿನಲ್ಲಿ ಹೇಳುತ್ತಿದ್ದರು. ಅವಳದೊಂದು ಪದ್ಧತಿಯಿತ್ತು. ಡ್ರೈವರ್ ಇನ್ನೂ ಒತ್ತುತ್ತಿರುವಾಗಲೇ ಹಿಡಿಯಿಟ್ಟು ಚಿತ್ರ ಹುಡುಕಿಕೊಳ್ಳುವಳು; ಅವನು ಕೈ ತೆಗೆದೊಡನೆ ರೆಕಾರ್ಡ್ ಒತ್ತಿ ಗಟ್ಟಿಯಾಗಿ ಎಣಿಸುವಳು.

"ಎಂಟು. ಒಂಬತ್ತು."

"ಇನ್ನೊಂದು ಸ್ವಲ್ಪ ತಡೀರಿ," ಎಂದಿತು ಸ್ಪೀಕರ್. "ನನಗೆ ಸರಿಯಾಗಿ ಕಾಣ್ತಿಲ್ಲ."

"ಹತ್ತು. ಕೈ ಹಾಕೋ!"

"ತಡೀರಿ ಅಂದೆ! ಡಾಕ್ಟರ್ ನಾನಾ, ನೀವಾ?"

"ಡಾಕ್ಟರ್ ನೀವೇ ಅಮ್ಮ. ಆದ್ರೆ ಹತ್ತು ಆಯ್ತು. ರೆಕಾರ್ಡ್ ಆಗಿದೆ, ನೀವು ಅದನ್ನ ನೋಡ್ತಾ ಇರಿ, ನಾವು ಒತ್ತುತಾ ಇರ್ತೀವಿ."

ಆ ಮನುಷ್ಯ ಉಳಿಯಲಿಲ್ಲ. ಡಾಕ್ಟರ್ ದೂರು ಬರೆದರು. ಕ್ಷಮಾಪಣೆ ಪತ್ರ ಕೊಡು ಎಂದರೆ ಎಣಿಕೆಯಕ್ಕ ಒಂದೇ ಸಾಲು ಬರೆದು ಕೊಟ್ಟಳು: "ಹತ್ತು ಆಗಿತ್ತು." ವಿಚಾರಣೆಯಲ್ಲಿ ಡ್ರೈವರನನ್ನೂ ಕರೆದು ಹತ್ತು ಆಗಿತ್ತೇ ಎಂದು ಕೇಳಿದರು. ಅಧಿಕಾರಿಯ ಮುಖ ನೋಡಿದ್ದೇ ಅವನ ನಾಲಿಗೆ ಒಣಗಿತು. "ನೆನಪಿಲ್ಲ ಸಾರ್," ಎಂದುಬಿಟ್ಟ.

ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

*

"ಆ ಕೋಟು ಅಲ್ಲೇ ಇರಲಿ."

ಬಾಗಿಲಲ್ಲಿ ನಿಂತ ಸಣಕಲು ಹೆಂಗಸನ್ನು ಡ್ರೈವರ್ ಯಾವತ್ತೂ ಕಂಡಿರಲಿಲ್ಲ. ಆದರೆ ದನಿ ಕೇಳಿದ್ದೇ ಗುರುತು ಸಿಕ್ಕಿತು. ಸ್ಪೀಕರಿನ ಡಾಕ್ಟರ್!

"ಆ ರೆಕಾರ್ಡ್ ಆಮೇಲೆ ನೋಡಿದೆ," ಎಂದರು ಡಾಕ್ಟರ್ ಅಧಿಕಾರಿಗೆ. "ಹತ್ತು ಸೆಕೆಂಡಲ್ಲೇ ಎಲ್ಲಾ ಕಾಣ್ತಿತ್ತು. ಗಾಬರೀಲಿ ನಾನೇ ನೋಡಿರಲಿಲ್ಲ. ಆತ ಹೇಗೂ ಉಳೀತಿರಲಿಲ್ಲ. ಆದ್ರೂ ತಪ್ಪು ನಂದು, ಇವರದಲ್ಲ. ಎಚ್ಚರಿಕೆ ಪತ್ರ ವಾಪಸ್ ತಗೊಳ್ಳಿ ಅಂತ ಎರಡು ಸಲ ಬರೆದೆನಲ್ಲ?"

"ಅದು ಪರಿಶೀಲನೆಯಲ್ಲಿದೆ."

"ಅಲ್ಲೀವರೆಗೆ ಅಮ್ಮನ್ನ ಹೀಗೇ ಇಟ್ಕೊಂಡಿರಬೇಕಾ?" ಮಗಳು ಅಧಿಕಾರಿಗೆ ಎದುರಾಗಿ ನಿಂತಳು.

"ಡಾಕ್ಟರ್ ಹೇಳಿದ್ರೆ ಸಾಲದು. ಪಕ್ಕದಲ್ಲೇ ಇದ್ದವರಿಗೇ ನೆನಪಿಲ್ಲ ಅಂತ ಕಡತದಲ್ಲಿದೆ." ಅಧಿಕಾರಿ ಫೋನ್ ತೆಗೆದರು. "ಮೇಲಿನವರನ್ನ ಕೇಳ್ತೀನಿ. ಅಲ್ಲೀವರೆಗೆ ಪೆಟ್ಟಿಗೆ ಎತ್ತಬೇಡಿ."

ಎಲ್ಲರ ಕಣ್ಣೂ ಡ್ರೈವರನ ಮೇಲೆ ಬಿತ್ತು. ನಾಲಿಗೆ ಇವತ್ತೂ ಒಣಗಿತ್ತು. ಒಣಗಲಿ, ಹಾಳಾಗಿಹೋಗಲಿ.

"ನೆನಪಿದೆ ಸಾರ್," ಎಂದ. "ಅವತ್ತೂ ನೆನಪಿತ್ತು. ಹೆದರಿ ಸುಳ್ಳು ಹೇಳಿದೆ. ಹತ್ತು ಆಗಿತ್ತು. ನನ್ನ ಹೆಸರಲ್ಲೇ ಬರ್ಕೊಳ್ಳಿ, ಸರ್ವಿಸ್ ಹೋದ್ರೆ ಹೋಗ್ಲಿ."

"ಸ್ವಲ್ಪ ತಡೀರಿ, ಫೋನ್ ರಿಂಗ್ ಆಗ್ತಿದೆ—"

"ಒಂದು," ಎಂದ ಡ್ರೈವರ್ ಗಟ್ಟಿಯಾಗಿ. "ಎರಡು."

ಮೂರಕ್ಕೆ ಮಗಳ ದನಿ ಸೇರಿತು. ಐದಕ್ಕೆ ಅವಳೇ ಮುಚ್ಚಳ ಮುಚ್ಚಿದಳು. ಗಂಡ ಕುರ್ಚಿಯ ತೋಳು ಹಿಡಿದು ಎದ್ದು ಬಂದ. ಏಳನ್ನು ಅವನೇ ಗಟ್ಟಿಯಾಗಿ ಹೇಳಿ ಪೆಟ್ಟಿಗೆಯ ಹಿಡಿಕೆಯೊಂದರ ಬಳಿ ನಿಂತ. ಎಂಟಕ್ಕೆ ಡಾಕ್ಟರ್ ಚೀಲ ಕೆಳಗಿಟ್ಟು ನಾಲ್ಕನೆಯ ಹಿಡಿಕೆಯ ಬಳಿ ಬಂದು ನಿಂತರು.

"ತಡೀರಿ ಅಂದೆ!" ಅಧಿಕಾರಿ ಬಾಗಿಲಿಗೆ ಅಡ್ಡ ನಿಂತರು.

"ಹತ್ತು," ಎಂದರು ಡಾಕ್ಟರ್. "ಕೈ ಹಾಕಿ."

ಪೆಟ್ಟಿಗೆ ಮೇಲೆದ್ದಿತು. ಫೋನನ್ನು ಕಿವಿಗೆ ಒತ್ತಿಕೊಂಡೇ ಅಧಿಕಾರಿ ಗೋಡೆಗೆ ಆತುಕೊಂಡು ದಾರಿ ಬಿಟ್ಟರು. ಮುಚ್ಚಳದ ಸಂದಿಯಿಂದ ಕಿತ್ತಳೆ ತೋಳೊಂದು ಹೊರಗೆ ಜೋತಾಡುತ್ತಿತ್ತು, ಯಾರೂ ಅದನ್ನು ಒಳಗೆ ತುರುಕಲಿಲ್ಲ.