ಕೋಳಿಗೂಡಿನ ಚಿಲಕ

ಟಕ್ — ಮತ್ತೆ ಅದೇ ಸದ್ದು, ಕೋಳಿಗೂಡಿನ ಚಿಲಕ, ಹಾಕಿದಳು, ಈಗ ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ, ಟಕ್, ಬೆಳಗ್ಗಿನಿಂದ ಇದು ಎಷ್ಟನೆಯ ಸಲವೋ, ಒಗೆಯುವ ಕಲ್ಲಿನ ಮುಂದೆ ಕೂತ ನನ್ನ ಕೈಯಲ್ಲಿ ಅವಳದೇ ಲಂಗ, ತೊಡೆಯ ಹತ್ತಿರ ಕೆಂಪು ಕಲೆ, ತುಕ್ಕು, ಹೋದ ವಾರ ಚಿಲಕ ಹಿಡಿದ ಬೆರಳು ಒರೆಸಿಕೊಂಡದ್ದು, ಸೋಪು ಹಚ್ಚು, ಉಜ್ಜು, ಹೋಗುವುದಿಲ್ಲ ಹಾಳಾದ್ದು. ಬಡಗಿ ಇವರು, ಗೂಡು ಕಟ್ಟಿದ್ದೆಲ್ಲ ಚೆಂದ, ಚಿಲಕ ಮಾತ್ರ ಯಾವುದೋ ಹಳೇ ಬಾಗಿಲಿನದು. ಆರು ವರ್ಷದ ಮಗಳಿಗೆ ಮಾತಿನಮಲ್ಲಿ ಅಂತ ಹೆಸರಿಟ್ಟವರೂ ಇವರೇ, ಎದ್ದರೆ ಮಾತು ಕೂತರೆ ಮಾತು, ಕೋಳಿಗಳಿಗೂ ಬಿಡುವಿಲ್ಲ, ಏಯ್ ಕುಂಟಿ, ನಿನ್ನೆ ಯಾಕೆ ಮೊಟ್ಟೆ ಇಡ್ಲಿಲ್ಲ, ಸೋಮಾರಿ, ಅಂತ ಸೊಂಟದ ಮೇಲೆ ಕೈಯಿಟ್ಟು ಥೇಟ್ ನನ್ನ ಹಾಗೆ ಗದರುತ್ತಿದ್ದಳು, ಇವರಿಗೋ ನಗು, ನೋಡೇ, ನೀನೇ ಇನ್ನೊಂದ್ಸಲ ಹುಟ್ಟಿದೀಯ. ಈಗ ವಾರದಿಂದ ಯಾರೋ ಬಾಯಿಗೆ ಬೀಗ ಹಾಕಿದ ಹಾಗಿದ್ದಾಳೆ. ಯಾರೋ ಅಂತೆ ಯಾರೋ — ಹಾಕಿದವಳು ಇಲ್ಲೇ ಕೂತು ಬಟ್ಟೆ ಒಗೆಯುತ್ತಿದ್ದಾಳಲ್ಲ.

ಆವತ್ತು ಸಂಜೆ ಅವಳು ಚಿಲಕ ಹಾಕಿದ್ದಳು, ನಾನೇ ಕಣ್ಣಾರೆ ನೋಡಿದ್ದೇನೆ, ಹಾಕಿ, ಎರಡು ಸಲ ಎಳೆದು ನೋಡಿ, ಒಂಬತ್ತೂ ಒಳಗಿವೆ ಅಮ್ಮ ಅಂತ ಓಡಿ ಬಂದಳು, ಆಮೇಲೆ ನೀರಿನ ಬಟ್ಟಲು ಇಡಲು ಹೋಗಿ ಬಾಗಿಲು ತೆಗೆದವಳು ನಾನು, ಸೊಂಟದ ಮೇಲೆ ಚಿಕ್ಕದು, ಹಲ್ಲು ಬರುವ ಕೂಸು, ಕಿವಿ ಕಿತ್ತುಹೋಗುವ ರಚ್ಚೆ, ಒಳಗಿನಿಂದ ಹಾಲುಕ್ಕಿ ಸೀದ ವಾಸನೆ, ಬಾಗಿಲನ್ನು ಮೊಣಕಾಲಿನಿಂದ ತಳ್ಳಿ ಓಡಿದೆ, ಚಿಲಕ ಆಮೇಲೆ ಹಾಕಿದರಾಯಿತು ಅಂತ, ಆ ಆಮೇಲೆ ಬರಲೇ ಇಲ್ಲ. ಬೆಳಗ್ಗೆ ಅಂಗಳದ ತುಂಬ ಪುಕ್ಕ. ಕಾಡುಬೆಕ್ಕು ಒಂದನ್ನೂ ಉಳಿಸಿರಲಿಲ್ಲ. ನಿನ್ನೆ ಸಂಜೆ ಚಿಲಕ ಯಾರು ಹಾಕಿದ್ದು, ಇವರು ಕೇಳಿದ್ದು ಸಿಟ್ಟಿನಿಂದಲೂ ಅಲ್ಲ, ನಾನು ಹಾಕಿದ್ದೆ ಅಪ್ಪ ಅಂದಳು, ಆಗ ನನ್ನ ಬಾಯಿಂದ ಬಂತಲ್ಲ ಆ ಮಾತು, ಥೂ, ಸರಿಯಾಗಿ ಹಾಕಿದ್ಯೇನೇ. ಸುಳ್ಳೇನೂ ಹೇಳಲಿಲ್ಲ, ಕೇಳಿದೆ ಅಷ್ಟೇ, ಕೇಳೋದು ತಪ್ಪಾ ಅಂತ ನಾಲ್ಕು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ — ತಪ್ಪು, ತಪ್ಪೇ, ಆ ಮಗು ನನ್ನ ಮುಖ ನೋಡಿತು, ತನ್ನ ಬೆರಳು ನೋಡಿಕೊಂಡಿತು, ಹಾಕಿದ್ದೆ ಅನ್ಸುತ್ತೆ ಅಂದಿತು, ಸ್ವಲ್ಪ ಹೊತ್ತು ಬಿಟ್ಟು ಹಾಕ್ಲಿಲ್ಲ ಅನ್ಸುತ್ತೆ, ಮಧ್ಯಾಹ್ನದ ಹೊತ್ತಿಗೆ ನಾನೇ ಮರೆತೆ, ನಾನೇ ಕುಂಟೀನ ಸಾಯಿಸ್ದೆ ಅಂತ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಇವರು ಎತ್ತಿಕೊಂಡು, ಹೋಗ್ಲಿ ಬಿಡು ಪುಟ್ಟಾ, ದೊಡ್ಡವರೂ ಮರೀತಾರೆ ಅಂದರು, ಆಗಲಾದರೂ ಹೇಳಬಹುದಿತ್ತು, ಹೌದು ರೀ, ಮರೆತದ್ದು ದೊಡ್ಡವಳೇ ಅಂತ, ಪೊರಕೆ ತಂದು ಪುಕ್ಕ ಗುಡಿಸಿದೆ ನಾನು. ಯಾಕೆ ಹೇಳಲಿಲ್ಲ, ಇವರೇನು ಹೊಡೆಯುವವರೇ, ಬೈಯುವವರೇ, ಗೊಣಗುವುದೂ ಇಲ್ಲ ಪಾಪ — ಇವರ ಕನ್ನಡಕ, ಅವಳ ಚಪ್ಪಲಿ, ನಿಮ್ಮಿಬ್ಬರ ತಲೆಯಲ್ಲಿ ಏನಿದೆ, ಸಗಣಿಯಾ ಅಂತ ದಿನಕ್ಕೆ ನಾಲ್ಕು ಸಲ ರೇಗುವವಳು ನಾನು, ಈ ಮನೆಯಲ್ಲಿ ಏನನ್ನೂ ಮರೆಯದವಳು, ಆ ಜಂಬ, ಬೇರೇನೂ ಅಲ್ಲ, ಅಷ್ಟು ಜಂಬ ಉಳಿಸಿಕೊಳ್ಳಲು ಹೆತ್ತ ಮಗುವನ್ನು ಮುಂದೆ ತಳ್ಳಿದೆ.

ಇವತ್ತು ಇವರು ಮರಿ ತಂದಿದ್ದಾರೆ, ಆರು, ರಟ್ಟಿನ ಪೆಟ್ಟಿಗೆಯಲ್ಲಿ ಚಿಂವ್ ಚಿಂವ್, ಹಿಡ್ಕೋ ಅಂದರೆ ಕೈ ಹಿಂದೆ ಕಟ್ಟಿಕೊಂಡಳು, ಬೇಡ ಅಪ್ಪ, ನನ್ ಕೈಗೆ ಕೊಡ್ಬೇಡಿ. ಗೂಡಿಗೆ ಬಿಟ್ಟು ಇವರು ಸೊಪ್ಪಿನ ಮಡಿಗೆ ನೀರು ಹಾಯಿಸಲು ಹೋದರು, ಅಲ್ಲಿಂದ ಶುರು ಇದು, ಟಕ್, ಟಕ್, ಲಂಗ ಕಲ್ಲಿನ ಮೇಲೆ ಬಿಟ್ಟು ಏಳುತ್ತೇನೆ, ಸಾಕು, ಈಗ ಹೇಳಿಬಿಡಬೇಕು, ಬಾಗಿಲು ತೆಗೆದದ್ದು ನಾನು, ಎಷ್ಟು ಮಾತು ಅದು, ಮೂರು, ಏ ಮಲ್ಲೀ, ಇಲ್ ಬಾರೇ, ಏನಮ್ಮ ಅಂತ ಬಂದು ನಿಲ್ಲುತ್ತಾಳೆ, ನಾನು — ಅದು — ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದೀಯಲ್ಲ, ಚಪ್ಪಲಿ ಎಲ್ಲೇ. ನನ್ನ ನಾಲಿಗೆಗೆ ಬೆಂಕಿ ಬೀಳ. ಮರೆತೆ ಅಮ್ಮ, ಅನ್ನುತ್ತಾಳೆ, ತಲೆ ತಗ್ಗಿಸಿ, ಈಗೀಗ ಎಲ್ಲದಕ್ಕೂ ಅದೇ, ಮರೆತೆ. ಆಮೇಲೆ ಸೋಪು ಮೆತ್ತಿದ ನನ್ನ ಕೈ ಹಿಡಿದು ಗೂಡಿನ ತನಕ ಎಳೆದುಕೊಂಡು ಹೋಗುತ್ತಾಳೆ, ಒಳಗೆ ಆರೂ ಮರಿ ಒಂದಕ್ಕೊಂದು ಅಂಟಿ ಕೂತಿವೆ, ಅಮ್ಮ, ಇನ್ಮೇಲೆ ಚಿಲಕ ನೀನೇ ಹಾಕು, ನೀನು ಮರೆಯಲ್ಲ. ನನ್ನ ಕೈ ಚಿಲಕದ ಮೇಲೆ, ನನ್ನ ಕೈಯ ಮೇಲೆ ಅವಳ ಬೆರಳು, ತುದಿಯಲ್ಲಿ ಕೆಂಪು ತುಕ್ಕು, ಉಗುರಿನ ಸಂದಿಗೂ ಇಳಿದಿದೆ, ಹೇಳು, ಈಗ ಹೇಳು, ಅವಳು ಕಾಯುತ್ತಿದ್ದಾಳೆ, ಹಾಕಮ್ಮ ಅನ್ನುತ್ತಾಳೆ — ಆರು ವರ್ಷದ ಬೆರಳು, ತುದಿಯಲ್ಲಿ ತುಕ್ಕು — ಹಾಕಮ್ಮ — ಟಕ್.